ಕೆರೆಯ ದಂಡೆಯ ಒಂದು ಗಂಟೆ



ಪುಷ್ಯ ಮಾಸದ ಚಳಿ ನಿಮ್ಮೂರಲ್ಲಿ ಹೇಗಿದೆ? ನಮ್ಮ ರಾಯಚೂರಿನವರಿಗೆ ಚಳಿಗಾಲವೆಂದರೆ ದೂರದ ನೆಂಟರಿದ್ದ ಹಾಗೆ. ಬರುವುದು ತಡ, ಹೊರಡುವುದು ಬೇಗ. ಶಿವರಾತ್ರಿ ಮುಗಿಯಿತೋ, ಬಿಸಿಲು ಶುರು. ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟಿದಾಗ ಕೋಟೆಯ ಬಂಡೆಗಳು ರೊಟ್ಟಿ ಬೇಯಿಸುವ ಹಂಚಿನ ಹಾಗೆ ಕಾದಿರುತ್ತವೆ. ಆದ್ದರಿಂದ ಕಾಲಾಡಿಸಿಕೊಂಡು ಬರಲು ನಮಗಿರುವುದು ಈ ಎರಡು ಮೂರು ತಿಂಗಳು ಮಾತ್ರ.

ನಾನು ಈ ಸಲ ಕಾರ್ತಿಕದಿಂದ ಬೆಳಗಿನ ತಿರುಗಾಟ ಹಿಡಿದಿದ್ದೇನೆ. ಉತ್ಸಾಹದಿಂದ ಹಿಡಿದದ್ದಲ್ಲ ಅನ್ನಿ. ರಕ್ತ ಪರೀಕ್ಷೆಯ ಚೀಟಿ ನೋಡಿ ಡಾಕ್ಟರು, “ಸಕ್ಕರೆ ಏರಿದೆ ತಾಯಿ, ದಿನಾ ಅರ್ಧ ಮುಕ್ಕಾಲು ಗಂಟೆ ನಡೀರಿ” ಅಂದರು. ಮರುದಿನವೇ ಶಾಲು ಹೊದ್ದು, ಮಗನ ಹಳೆಯ ಬೂಟು ಮೆಟ್ಟಿ ಹೊರಟಾಗ, ಪಡಸಾಲೆಯಲ್ಲಿ ಕೂತಿದ್ದ ನಮ್ಮ ಅತ್ತೆ ಅಂದದ್ದು ಒಂದೇ ಮಾತು: “ಮಾಡಾಕ ಕೆಲಸ ಇಲ್ದವರು ಊರು ತಿರಗತಾರ.” ಎಂಬತ್ತು ದಾಟಿದ ಹಿರಿಯರು. ನಾನೇನೂ ತಿರುಗಿ ಆಡಲಿಲ್ಲ. ಆದರೆ ಆ ಮಾತು ಬೂಟಿನೊಳಗೆ ಸೇರಿದ ಹರಳಿನ ಹಾಗೆ ದಿನಾ ಚುಚ್ಚುತ್ತಿತ್ತು.

ನನ್ನ ತಂಗಿಯ ಮಗಳು ಅಮೆರಿಕದ ಚಿಕಾಗೋದಲ್ಲಿದ್ದಾಳೆ. ಮೊನ್ನೆ ಅವಳು ವಿಡಿಯೋ ಫೋನು ಮಾಡಿದ್ದು ಅಲ್ಲಿನ ಲಿಂಕನ್ ಪಾರ್ಕಿನಿಂದ. ನೋಡಿದರೆ ಎಲ್ಲೆಲ್ಲೂ ಹಿಮ! ಗಿಡದ ಟೊಂಗೆ, ಕೂರುವ ಬೆಂಚು, ನಡೆಯುವ ದಾರಿ, ಎಲ್ಲದರ ಮೇಲೂ ಹತ್ತಿ ಹರವಿದ ಹಾಗೆ ಬೆಳ್ಳಗೆ. ಅವಳು ನಡೆಯುತ್ತಲೇ ಆ ಉದ್ಯಾನದ ಕಥೆ ಹೇಳಿದಳು. ಒಂದು ಕಾಲದಲ್ಲಿ ಅದು ಊರಿನ ಸ್ಮಶಾನವಂತೆ. ಸರೋವರದ ದಡದಲ್ಲಿ ಹೆಣ ಹೂಳಿದರೆ ಕುಡಿಯುವ ನೀರು ಕೆಡುತ್ತದೆ ಎಂದು ಜಾನ್ ರೌಚ್ ಎಂಬ ವೈದ್ಯರು ಪಟ್ಟು ಹಿಡಿದರಂತೆ. ಕೊನೆಗೆ ಸ್ಮಶಾನ ಬೇರೆಡೆಗೆ ಹೋಯಿತು, ಉದ್ಯಾನ ಬೆಳೆಯಿತು. 1865ರಲ್ಲಿ ಅಧ್ಯಕ್ಷ ಲಿಂಕನ್ ಹತ್ಯೆಯಾದ ಮೇಲೆ ಅದಕ್ಕೆ ಅವರ ಹೆಸರಿಟ್ಟರು.

ಇಷ್ಟು ಹೇಳಿ, “ದೊಡ್ಡಮ್ಮಾ, ನೀವು ದಿನಾ ತಿರುಗಾಡೋ ಕೆರೆಯ ಕಥೆ ಏನು?” ಅಂತ ಕೇಳಿಬಿಟ್ಟಳು. ನನಗೆ ಉತ್ತರ ಹೊಳೆಯಲಿಲ್ಲ. ಮದುವೆಯಾಗಿ ಬಂದು ಮೂವತ್ತು ವರ್ಷ ಮೇಲಾಯಿತು, ಕೋಟೆಯ ನೆರಳಲ್ಲೇ ಸಂತೆ ಮಾಡಿದ್ದೇನೆ. ಒಂದು ದಿನ ತಲೆಯೆತ್ತಿ ಇದೇನೆಂದು ನೋಡಿದವಳಲ್ಲ. ನಾಚಿಕೆಯಾಯಿತು. ಅಂದಿನಿಂದ ನಡೆಯುವುದರ ಜೊತೆಗೆ ನೋಡುವುದನ್ನೂ, ಕೇಳುವುದನ್ನೂ, ಓದುವುದನ್ನೂ ರೂಢಿ ಮಾಡಿಕೊಂಡೆ. ತಿಳಿದದ್ದರಲ್ಲಿ ಒಂದಿಷ್ಟು ನಿಮಗೂ ಹೇಳುತ್ತೇನೆ.

ನಾನು ನಡೆಯುವುದು ಕೋಟೆ ಬೆಟ್ಟದ ಬುಡದ ಆಮ್ ತಲಾಬಿನ ದಂಡೆಯಲ್ಲಿ. ‘ಆಮ್’ ಅಂದರೆ ಉರ್ದುವಿನಲ್ಲಿ ಮಾವು ಅಂತಲೂ ಆಗುತ್ತದೆ, ಸಾಮಾನ್ಯ ಜನರದು ಅಂತಲೂ ಆಗುತ್ತದೆ. ಕನ್ನಡದಲ್ಲಿ ಮಾವಿನ ಕೆರೆ ಎನ್ನುವವರೂ ಇದ್ದಾರೆ. ಆದರೆ ಇದೇ ಊರಲ್ಲಿ ‘ಖಾಸ್ ಬಾವಿ’ ಅಂತ ಒಂದು ದೊಡ್ಡ ಬಾವಿಯೂ ಇದೆಯಲ್ಲ? ಖಾಸ್ ಎಂದರೆ ವಿಶೇಷದವರದು. ಅರಮನೆಯವರಿಗೆ ಖಾಸ್ ಬಾವಿ, ಉಳಿದ ಜನಕ್ಕೆ ಆಮ್ ತಲಾಬು. ಎರಡೂ ಹೆಸರು ಜೋಡಿಸಿ ನೋಡಿದರೆ ‘ಎಲ್ಲರ ಕೆರೆ’ ಅನ್ನುವ ಅರ್ಥವೇ ನನಗೆ ಹಿತವೆನಿಸುತ್ತದೆ.

ಬೆಳಗಿನ ಆರೂವರೆಗೆ ಹೋದರೆ ನೀರಿನ ಮೇಲೆ ತೆಳ್ಳಗೆ ಮಂಜು. ಚಿಕಾಗೋದ ಹಿಮ ನಮಗೆಲ್ಲಿಂದ ಬರಬೇಕು! ಕಿವಿಗೊಂದು ಸೆರಗು ಸುತ್ತಿಕೊಳ್ಳುವಷ್ಟು ಚಳಿ ಇದ್ದರೆ ನಮಗದೇ ಹೆಚ್ಚು. ಮಂಜು ಕರಗಿದ ಹಾಗೆಲ್ಲ ಬೆಟ್ಟ ಮೂಡುತ್ತದೆ, ಬೆಟ್ಟದ ಮೇಲೆ ಬುರುಜು ಮೂಡುತ್ತದೆ. ತುದಿಯಲ್ಲಿ ಪಂಚ್ ಬೀಬಿ, ಅಂದರೆ ಐದು ಮಂದಿ ಹೆಣ್ಣುಮಕ್ಕಳ ದರ್ಗಾ ಇದೆ. ಬಸ್ ನಿಲ್ದಾಣದ ಕಡೆ ನಡೆದರೆ ಒಂದೇ ಮಿನಾರಿನ ಮಸೀದಿ. ಬಹಮನಿಗಳ ಕಾಲದಲ್ಲಿ, 1513ರಲ್ಲಿ ಕಟ್ಟಿದ್ದು. ಮಿನಾರು ಸುಮಾರು 65 ಅಡಿ ಎತ್ತರ.

ಕೋಟೆ ಇದಕ್ಕೂ ಹಳೆಯದು. ಪಶ್ಚಿಮದ ಗೋಡೆಯಲ್ಲಿ ನಲವತ್ತೊಂದು ಅಡಿಗೂ ಮಿಕ್ಕಿ ಉದ್ದದ ಒಂದೇ ಕಲ್ಲಿದೆ. ಓರಂಗಲ್ಲಿನ ಕಾಕತೀಯರ ಸೇನಾಪತಿ ಗೋರೆ ಗಂಗಯ್ಯ ರೆಡ್ಡಿ 1294ರಲ್ಲಿ ಕೋಟೆ ಕಟ್ಟಿಸಿದನೆಂದು ಅದರ ಮೇಲೆ ತೆಲುಗಿನ ಶಾಸನ. ಅಷ್ಟು ದೊಡ್ಡ ಕಲ್ಲನ್ನು ತಂದದ್ದು ಹೇಗೆ? ಅದನ್ನೂ ಗೋಡೆಯ ಮೇಲೇ ಕೆತ್ತಿದ್ದಾರೆ: ಬಂಡಿಯ ಮೇಲೆ ಕಲ್ಲು, ಮುಂದೆ ಸಾಲು ಸಾಲು ಕೋಣಗಳು, ಗಾಲಿಗೆ ಮರದ ಸನಿಕೆ ಕೊಟ್ಟು ಮೀಟುತ್ತಿರುವ ಆಳುಗಳು.

ನಮ್ಮೂರವರು ಈ ಕೋಟೆಯನ್ನು ರಾಣಿ ರುದ್ರಮ್ಮ ದೇವಿಯ ಕೋಟೆ ಎನ್ನುತ್ತಾರೆ. ಆಕೆ 1289ರಲ್ಲೇ ತೀರಿಕೊಂಡಳೆಂದು ಚಂದುಪಟ್ಲದ ಶಾಸನ ನೋಡಿದ ವಿದ್ವಾಂಸರು ಹೇಳುತ್ತಾರೆ. ಹಾಗಾದರೆ ಕಲ್ಲು ನೆಟ್ಟಾಗ ಆಳುತ್ತಿದ್ದವನು ಮೊಮ್ಮಗ ಪ್ರತಾಪರುದ್ರ. ಆದರೂ ಜನರ ಬಾಯಲ್ಲಿ ಉಳಿದದ್ದು ಆಕೆಯ ಹೆಸರೇ! ಗಂಡು ಸಂತಾನವಿಲ್ಲದ ಗಣಪತಿದೇವ ಮಗಳಿಗೆ ರುದ್ರದೇವ ಮಹಾರಾಜ ಎಂದು ಗಂಡಿನ ಹೆಸರಿಟ್ಟು ರಾಜ್ಯ ಒಪ್ಪಿಸಿದ. ಪಟ್ಟವೇರಲು ಹೆಣ್ಣಿಗೆ ಗಂಡಿನ ಹೆಸರು ಬೇಕಾಯಿತು ನೋಡಿ.

ಕೃಷ್ಣೆ ತುಂಗಭದ್ರೆಯರ ನಡುವಿನ ಈ ನೆಲಕ್ಕಾಗಿ ಆದ ಯುದ್ಧಗಳಿಗೆ ಲೆಕ್ಕವಿಲ್ಲ. 1520ರ ಮೇ ತಿಂಗಳಲ್ಲಿ ಕೃಷ್ಣದೇವರಾಯ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ಈ ಕೋಟೆ ಗೆದ್ದ. ಆ ಯುದ್ಧದ ವಿವರ ಬರೆದ ಪೋರ್ಚುಗೀಸ್ ಪ್ರವಾಸಿ ನೂನಿಜ್‌ನ ಒಂದು ಮಾತು ನನಗೆ ಮರೆಯದು. ದಾರಿಯುದ್ದಕ್ಕೂ ಬಾಯಾರಿದವರಿಗೆ ನೀರು ಕೊಡಲಿಕ್ಕೆ ಹನ್ನೆರಡು ಸಾವಿರ ಮಂದಿ ನೀರಿನ ಚೀಲದವರನ್ನು ನಿಲ್ಲಿಸಿದ್ದರಂತೆ. ನಮ್ಮ ಕಡೆಯ ಮೇ ತಿಂಗಳ ಬಿಸಿಲು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಒಂದು ರಾತ್ರಿ ಊಟದ ಹೊತ್ತಿಗೆ ಇದನ್ನೆಲ್ಲ ಮಕ್ಕಳಿಗೆ ಹೇಳುತ್ತಿದ್ದೆ. ಗೋಡೆಗೆ ಒರಗಿ ಕೂತಿದ್ದ ಅತ್ತೆ ತಟ್ಟನೆ, “ಆಮ್ ತಲಾಬಿನ್ಯಾಗ ಈಗೂ ನೀರು ಅದಾವೇನವ್ವಾ?” ಅಂದರು.

“ಅದಾವ್ರಿ ಅತ್ತೀ. ನೋಡ್ತೀರೇನು?”

ಅವರು ಸುಮ್ಮನಾದರು. ಮರುದಿನ ಬೆಳಿಗ್ಗೆ ನಾನು ಎದ್ದಾಗ ಮೋರೆ ತೊಳೆದು, ಕೌದಿ ಮಡಚಿಟ್ಟು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ಕೂತಿದ್ದಾರೆ!

ಆಟೋದಲ್ಲಿ ಕರೆದುಕೊಂಡು ಹೋದೆ. ಕೈ ಹಿಡಿದು ದಂಡೆಯ ಮೇಲೆ ಹತ್ತು ಹೆಜ್ಜೆ ನಡೆಸಿದೆ. ನೀರನ್ನೇ ನೋಡುತ್ತ ನಿಂತವರು ಬೆರಳೆತ್ತಿ ಒಂದು ಕಡೆ ತೋರಿಸಿದರು. “ಅಲ್ಲಿ ಒಂದು ಹಾಸುಗಲ್ಲು ಇತ್ತು. ಅದರ ಮ್ಯಾಲೆ ಅರಿವಿ ಒಗೀತಿದ್ದೆ.” 1962ರಲ್ಲಿ ಮದುವೆಯಾಗಿ ದೇವದುರ್ಗದ ಕಡೆಯ ಹಳ್ಳಿಯಿಂದ ಬಂದ ಹುಡುಗಿ ಅವರು. ತುಂಬಿದ ಮನೆ, ಬಿರುಸಿನ ಅತ್ತೆ. ಹೊಸ್ತಿಲು ದಾಟಲು ಸಿಗುತ್ತಿದ್ದ ನೆಪ ಅರಿವೆಯ ಗಂಟು ಒಂದೇ. ಪಕ್ಕದ ಕಲ್ಲಿಗೆ ಒಬ್ಬ ಸಾಬರ ಹುಡುಗಿ ಬರುತ್ತಿದ್ದಳಂತೆ. ಅವಳಿಗೆ ಕನ್ನಡ ಅಷ್ಟಕ್ಕಷ್ಟೆ, ಇವರಿಗೆ ಉರ್ದು ತಿಳಿಯದು. ಆದರೂ ತವರಿನ ಸುದ್ದಿ, ಹೊಟ್ಟೆಯಲ್ಲಿ ನಿಂತ ಮಗುವಿನ ಸುದ್ದಿ, ನಿಲ್ಲದೆ ಹೋದ ಮಗುವಿನ ಸುದ್ದಿ, ಎಲ್ಲ ಆಡಿಕೊಂಡರಂತೆ. “ಅತ್ತದ್ದೂ ಇಲ್ಲೇ, ನಕ್ಕದ್ದೂ ಇಲ್ಲೇ” ಅಂದರು. ಮುಂದೆ ಮನೆಗೆ ನಲ್ಲಿ ಬಂತು. ರಟ್ಟೆ ನೋವು ಕಡಿಮೆಯಾಯಿತು, ನಿಜ. ಆದರೆ ಮನೆ ಬಿಟ್ಟು ಹೊರಡುವ ಆ ಒಂದು ಗಂಟೆಯೂ ಹೋಯಿತು. ಗೆಳತಿಯೂ ಹೋದಳು. ಅವಳ ಮನೆ ಯಾವ ಓಣಿ ಅಂತ ಇವರು ಎಂದೂ ಕೇಳಿರಲಿಲ್ಲ.

ತಿರುಗಿ ಬರುವಾಗ ಆಟೋದಲ್ಲಿ ಅತ್ತೆ ಅಂದರು: “ನಮಗ ಅರಿವಿ ಗಂಟಿನ ನೆಪ ಇತ್ತು, ನಿನಗ ಸಕ್ಕರಿ ಬ್ಯಾನಿ ನೆಪ. ದಿನಾ ಹೋಗವ್ವಾ, ಬಿಡಬ್ಯಾಡ.”

ಸೋದರಿಯರೇ, ಅಂದಿನಿಂದ ನನ್ನ ಬೂಟಿನ ಹರಳು ಹೋಯಿತು. ಆದರೆ ಒಂದು ಪ್ರಶ್ನೆ ಉಳಿಯಿತು. ಮನೆಯಾಚೆಯ ಒಂದು ಗಂಟೆಗೆ ನಮಗೆ ನೆಪ ಯಾಕೆ ಬೇಕು? ಕೊಡವೋ, ಅರಿವೆಯೋ, ರೋಗವೋ ಇಲ್ಲದೆ ನಾವು ಹೊರಡಬಾರದೇ? ಇದೇ ಚಳಿಯಲ್ಲಿ ದೇವದುರ್ಗದ ಹೊಲಗಳಲ್ಲಿ ಹತ್ತಿ ಬಿಡಿಸುವ, ಮಾನ್ವಿಯ ಗದ್ದೆಗಳಲ್ಲಿ ಮೊಣಕಾಲು ಮಟ ಕೆಸರಲ್ಲಿ ನಿಲ್ಲುವ ತಾಯಂದಿರಿಗೆ ವಾಕಿಂಗು ಬೇಕಿಲ್ಲ. ಅವರಿಗೆ ಬೇಕಾದದ್ದು ಕೂತು ಮಾತಾಡುವ ಒಂದು ಗಂಟೆ. ನಡೆಯುವವರಿಗೆ ನಡಿಗೆ, ದುಡಿಯುವವರಿಗೆ ವಿಶ್ರಾಂತಿ. ಆ ಗಂಟೆ ಮಾತ್ರ ನಮ್ಮದಾಗಿರಲಿ. ಸೊಸೆ ಇರುವ ಅತ್ತೆಯರೇ, ನೀವಾಗಿಯೇ ಅವಳಿಗೆ, “ಹೋಗಿ ಬಾ” ಎಂದು ನೋಡಿ.

ಹೊರಡುವವರಿಗೆ ನಾಲ್ಕು ಮಾತು. ಮೊದಲ ವಾರ ಹದಿನೈದು ನಿಮಿಷ ಸಾಕು. ಆಮೇಲೆ ನಿಧಾನವಾಗಿ ಏರಿಸಿ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್‌ಸುಲಿನ್ ತೆಗೆದುಕೊಳ್ಳುವವರು ನಡಿಗೆಗೆ ಮುಂಚೆ ಏನು ತಿನ್ನಬೇಕೆಂದು ಡಾಕ್ಟರನ್ನು ಕೇಳಿಕೊಳ್ಳಿ. ಕೈನಡುಕ, ಬೆವರು ಬಂದರೆ ಕೂಡಲೆ ಬಾಯಿಗೆ ಹಾಕಿಕೊಳ್ಳಲು ಸಕ್ಕರೆಯ ಚಿಕ್ಕ ಪೊಟ್ಟಣ ಜೊತೆಗಿರಲಿ. ಬರಿಗಾಲಲ್ಲಿ ನಡೆಯಬೇಡಿ. ಮನೆಗೆ ಬಂದ ಮೇಲೆ ಅಂಗಾಲು ನೋಡಿಕೊಳ್ಳಿ, ಗಾಯವಾದದ್ದು ಈ ಕಾಯಿಲೆಯವರಿಗೆ ಗೊತ್ತೇ ಆಗುವುದಿಲ್ಲ. ಮತ್ತೆ, ಮನೆಯ ಕಸವನ್ನು ಕೆರೆಯ ದಂಡೆಗೆ ಒಯ್ಯಬೇಡಿ. ಅದು ಎಲ್ಲರ ಕೆರೆ.

ನಡೆದು ಬಂದ ಹಸಿವಿಗೆ ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಲು ರುಚಿ. ಎರಡು ಬಟ್ಟಲು ಸಜ್ಜೆ ಹಿಟ್ಟಿಗೆ ಚಿಟಿಕೆ ಉಪ್ಪು ಹಾಕಿ, ಕುದಿಯುವ ನೀರು ಸುರಿದು ಕಲಸಿ, ಕೈ ತಾಳುವಷ್ಟು ಆರಿದ ಮೇಲೆ ಚೆನ್ನಾಗಿ ನಾದಿರಿ. ಉಂಡೆ ಮಾಡಿ ತಟ್ಟುವಾಗ ಮೇಲೆ ಬಿಳಿ ಎಳ್ಳು ಉದುರಿಸಿ ಒತ್ತಿ. ಕಾದ ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿ, ಎರಡೂ ಬದಿ ಬೇಯಿಸಿ. ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಇದ್ದರೆ ಮುಗಿಯಿತು. ಸಕ್ಕರೆ ಕಾಯಿಲೆಯವರು ರೊಟ್ಟಿ ಎಣಿಸಿ ತಿನ್ನಿ, ಪಲ್ಯ ಧಾರಾಳವಾಗಿರಲಿ.

ನಮ್ಮ ಅತ್ತೆ ಈಗ ಪ್ರತಿ ಭಾನುವಾರ ಆಟೋ ಹತ್ತಿ ನನ್ನ ಜೊತೆ ಬರುತ್ತಾರೆ. ದಂಡೆಯಲ್ಲಿ ಕೂತು, ಹಾದುಹೋಗುವ ತಮ್ಮ ವಯಸ್ಸಿನ ಹೆಂಗಸರ ಮುಖವನ್ನೆಲ್ಲ ಒಮ್ಮೆ ದಿಟ್ಟಿಸಿ ನೋಡುತ್ತಾರೆ. ಯಾರನ್ನು ಹುಡುಕುತ್ತಿದ್ದಾರೆ ಎಂದು ನಾನು ಕೇಳುವುದಿಲ್ಲ.