ಕೋಕೋಪಿಟ್–ಪೀಟ್ ಮಿಶ್ರಣಕ್ಕೆ ವರ್ಗಾಯಿಸಿದ ಕಡ್ಡಿ ಸಸಿಗಳು: ಬಾಡಿದ ಎಲೆಯೂ ನೀರಿನ ಲೆಕ್ಕವೂ

ಮಣ್ಣುರಹಿತ ಮಾಧ್ಯಮದ ಬಳಕೆ ಇಂದು ನರ್ಸರಿಯಿಂದ ಮನೆಯ ತಾರಸಿಯವರೆಗೆ ಹರಡಿದೆ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕೆಂಪು ಬಾಳೆಯ ಕಮಲಾಪುರದಲ್ಲಿ ಅಂಗಾಂಶ ಕೃಷಿಯ ಸಸಿಗಳನ್ನು ಹದಗೊಳಿಸುವವರಿಗೂ, ಕಲಬುರಗಿಯ ಜೇವರ್ಗಿ ಕಾಲೋನಿಯಂತಹ ಬಡಾವಣೆಗಳಲ್ಲಿ ದಾಸವಾಳ, ಗುಲಾಬಿ, ದಾಳಿಂಬೆಯ ಕಡ್ಡಿ ಬೆಳೆಸುವವರಿಗೂ ಎದುರಾಗುವ ಪ್ರಶ್ನೆ ಒಂದೇ: ಬೇರು ಬಿಟ್ಟ ಎಳೆ ಸಸಿಯನ್ನು ಚೀಲಕ್ಕೆ ವರ್ಗಾಯಿಸಿದ ಮೇಲೆ ನೀರು ಎಷ್ಟು, ಯಾವಾಗ?

2023ರ ಮುಂಗಾರಿನಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಅಂತಹ ವರ್ಷದಲ್ಲಿ ಸಸಿಯ ಜೊತೆಗೆ ಅದಕ್ಕೆರೆದ ನೀರೂ ನಷ್ಟವೇ. ಆದರೆ ವರ್ಗಾವಣೆಯ ನಂತರ ಸಾಯುವ ಸಸಿಗಳಲ್ಲಿ ಹಲವು ನೀರಿಲ್ಲದೆ ಸಾಯುವುದಿಲ್ಲ. ನೀರು ಹೆಚ್ಚಾಗಿ ಬೇರು ಕೊಳೆತು ಸಾಯುತ್ತವೆ.

ಕಾರಣವನ್ನು ಗಮನಿಸಿರಿ. ವರ್ಗಾಯಿಸುವಾಗ ಸೂಕ್ಷ್ಮ ಬೇರುಗಳು ತುಂಡಾಗುತ್ತವೆ. ಕಲಬುರಗಿಯ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಎಲೆಗಳು ಕಳೆದುಕೊಳ್ಳುವಷ್ಟು ನೀರನ್ನು ಆ ಬೇರುಗಳು ಒದಗಿಸಲಾರವು. ಬುಡ ತೇವವಾಗಿದ್ದರೂ ಎಲೆ ಬಾಡುತ್ತದೆ. ಅದನ್ನು ಕಂಡು ಮತ್ತೆ ನೀರೆರೆದರೆ ಮಾಧ್ಯಮದೊಳಗಿನ ಗಾಳಿ ಹೊರದೂಡಲ್ಪಟ್ಟು ಬೇರು ಉಸಿರುಗಟ್ಟುತ್ತದೆ. ಕೋಕೋಪಿಟ್ ಮೇಲೆ ಒಣಗಿ ಕಂಡರೂ ಒಳಗೆ ತೇವ ಹಿಡಿದಿರುತ್ತದೆ. ಪೀಟ್ ಒಮ್ಮೆ ಪೂರ್ಣ ಒಣಗಿದರೆ ನೀರನ್ನು ಒಳಗೆ ಬಿಟ್ಟುಕೊಳ್ಳದು, ನೀರು ಚೀಲದ ಅಂಚಿನಿಂದ ಇಳಿದುಹೋಗುತ್ತದೆ. ಆದ್ದರಿಂದ ಮೇಲ್ಪದರದ ಬಣ್ಣವನ್ನು ನಂಬಬಾರದು.

ಅನುಸರಿಸಬೇಕಾದ ಕ್ರಮಗಳು:

1. ಮಿಶ್ರಣವನ್ನು ನಾಟಿಗೆ ಮೊದಲೇ ನೆನೆಸಿರಿ. ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮಾತ್ರ ಕಾಣಬೇಕು.

2. ಸಸಿಯ ಗಾತ್ರಕ್ಕೆ ತಕ್ಕ ಸಣ್ಣ ಚೀಲ ಬಳಸಿರಿ. ದೊಡ್ಡ ಚೀಲದಲ್ಲಿ ಬೇರು ತಲುಪದ ಭಾಗ ಬಹುಕಾಲ ತೇವವಾಗಿಯೇ ಉಳಿಯುತ್ತದೆ.

3. ನೆಟ್ಟ ಕೂಡಲೇ ತಳದಿಂದ ನೀರು ಇಳಿಯುವವರೆಗೆ ಒಮ್ಮೆ ನಿಧಾನವಾಗಿ ಕೊಡಿರಿ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿರಿ.

4. ಹೀಗೆ ನೀರು ಬಸಿದ ಒಂದು ಚೀಲವನ್ನು ತೂಗಿ ಗುರುತು ಮಾಡಿಕೊಳ್ಳಿರಿ. ಮುಂದೆ ಚೀಲ ಎತ್ತಿದಾಗ ಸ್ಪಷ್ಟವಾಗಿ ಹಗುರವೆನಿಸಿದರೆ ಮಾತ್ರ, ಬೆಳಗಿನ ವೇಳೆ ನೀರು ಕೊಡಿರಿ.

5. ಮೊದಲ ಏಳೆಂಟು ದಿನ ನೆರಳು ಪರದೆಯಡಿ ಇಟ್ಟು, ಬಿಸಿಗಾಳಿ ತಡೆದು, ಎಲೆಗಳ ಮೇಲೆ ನವಿರಾಗಿ ನೀರು ಸಿಂಪಡಿಸಿರಿ. ಬಾಡುವಿಕೆಗೆ ಮೊದಲ ಮದ್ದು ಇದೇ. ಸಂಜೆ ಸಿಂಪಡಿಸಿ ಎಲೆಗಳನ್ನು ರಾತ್ರಿಯಿಡೀ ಒದ್ದೆಯಾಗಿ ಬಿಡಬೇಡಿರಿ.

6. ಹೊಸ ಚಿಗುರು ಕಂಡ ನಂತರ ಸಿಂಪಡಣೆಯನ್ನು ಕ್ರಮೇಣ ಕಡಿಮೆ ಮಾಡಿ ಬಿಸಿಲಿಗೆ ಒಗ್ಗಿಸಿರಿ. ಅಲ್ಲಿಯವರೆಗೆ ರಸಗೊಬ್ಬರ ಬೇಡ.

ನೀರಿನ ಗುಣಮಟ್ಟವೂ ಮುಖ್ಯ. ತೊಳೆಯದ ಕೋಕೋಪಿಟ್‌ನಲ್ಲಿ ಸೋಡಿಯಂ, ಪೊಟ್ಯಾಶಿಯಂ ಲವಣಗಳು ಉಳಿದಿರುತ್ತವೆ. ಅದಕ್ಕೆ ಕೊಳವೆಬಾವಿಯ ಸವಳು ನೀರು ಸೇರಿದರೆ ಎಲೆಯ ಅಂಚು ಸುಡುತ್ತದೆ. ಬಳಕೆಗೆ ಮೊದಲು ಕೋಕೋಪಿಟ್ಟನ್ನು ಸಿಹಿನೀರಿನಲ್ಲಿ ಎರಡು ಮೂರು ಬಾರಿ ತೊಳೆಯಿರಿ. ಕೊಳವೆಬಾವಿಯ ನೀರನ್ನು ಪರೀಕ್ಷೆಗೆ ಕೊಡಿರಿ. ಸಾಧ್ಯವಾದಲ್ಲಿ ಮಳೆನೀರು ಸಂಗ್ರಹಿಸಿರಿ.

ಪೀಟ್ ಅನಿವಾರ್ಯವೇ ಎಂಬುದೂ ಯೋಚಿಸಬೇಕಾದ ವಿಷಯ. ಜೌಗು ನೆಲಗಳಲ್ಲಿ ಸಾವಿರಾರು ವರ್ಷಗಳಲ್ಲಿ ಶೇಖರವಾದ ಪೀಟ್ ಅಪಾರ ಇಂಗಾಲವನ್ನು ಹಿಡಿದಿಟ್ಟಿದೆ. ಈ ಕಾರಣದಿಂದಲೇ ಇಂಗ್ಲೆಂಡಿನಲ್ಲಿ ಹವ್ಯಾಸಿ ತೋಟಗಾರರಿಗೆ ಅದರ ಮಾರಾಟ ನಿಷೇಧಿಸುವ ಉದ್ದೇಶವನ್ನು ಅಲ್ಲಿನ ಸರ್ಕಾರ 2022ರಲ್ಲಿ ಪ್ರಕಟಿಸಿತು. ತೆಂಗು ಬೆಳೆಯುವ ನಮ್ಮ ರಾಜ್ಯದಲ್ಲಿ ಕೋಕೋಪಿಟ್ ಸುಲಭವಾಗಿ ದೊರೆಯುತ್ತದೆ. ತೊಳೆದ ಕೋಕೋಪಿಟ್ ಜೊತೆ ಚೆನ್ನಾಗಿ ಕಳಿತ ಎರೆಹುಳು ಗೊಬ್ಬರ, ಗಾಳಿಯಾಡಲು ಪರ್ಲೈಟ್ ಅಥವಾ ದಪ್ಪ ಮರಳು ಬೆರೆಸಿ ಮೊದಲು ಕೆಲವೇ ಸಸಿಗಳಲ್ಲಿ ಪರೀಕ್ಷಿಸಿ ನೋಡಿರಿ.

ವಿಸ್ತರಣಾ ಕಾರ್ಯಕರ್ತರು ಕ್ಷೇತ್ರ ಭೇಟಿಯಲ್ಲಿ ಬಾಡಿದ ಸಸಿಯೊಂದನ್ನು ಚೀಲದಿಂದ ಬಿಡಿಸಿ ರೈತರಿಗೆ ತೋರಿಸಬೇಕು. ಬೇರು ಬೆಳ್ಳಗಿದ್ದರೆ ನೆರಳು ಮತ್ತು ತೇವದ ಗಾಳಿ ಸಾಕು. ಕಂದಾಗಿ ಮೆತ್ತಗಾಗಿದ್ದರೆ ನೀರು ನಿಲ್ಲಿಸುವುದೇ ಮೊದಲ ಉಪಚಾರ. ಹೆಚ್ಚಿನ ಮಾಹಿತಿಗೆ ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ತೋಟಗಾರಿಕೆ ಇಲಾಖೆಯ ಕಚೇರಿಯನ್ನು ಸಂಪರ್ಕಿಸಿರಿ.