ಆಮೆಗೆ ಕಾನೂನಿದೆ, ಅದರ ಮರಳಿಗಿಲ್ಲ

ಒಡಿಶಾಕ್ಕೆ ಲಕ್ಷಗಟ್ಟಲೆ ಕಡಲಾಮೆಗಳು ಬರುತ್ತವೆ, ನಮ್ಮಲ್ಲಿಗೆ ಬರುವುದು ಬೆರಳೆಣಿಕೆಯಷ್ಟು, ಅಷ್ಟಕ್ಕೆಲ್ಲ ಬಂದರು ಬೇಡವೆನ್ನಬೇಕೆ? ಉತ್ತರ ಕನ್ನಡದ ಹೊನ್ನಾವರದಲ್ಲಿ ಬಂದರು ಕಟ್ಟಲು ಹೊರಟಿರುವ ಕಾಸರಕೋಡ ಟೊಂಕ ದಡದ ಮಾತೆತ್ತಿದರೆ ಸಾಕು, ಈ ಪ್ರಶ್ನೆಯನ್ನು ಮುಖಕ್ಕೆ ಎಸೆಯುತ್ತಾರೆ. ಕೇಳುವವರಿಗೆ ನಾಚಿಕೆಯಾಗಬೇಕು. ಉಳಿದಿರುವುದೇ ಸ್ವಲ್ಪ ಎಂದಮೇಲೆ ಕಾವಲು ಬಿಗಿಯಾಗಬೇಕು. ಇವರ ಲೆಕ್ಕದಲ್ಲಿ ಅದು ಬುಲ್ಡೋಜರಿಗೆ ರಹದಾರಿ!

ಈ ದಡಕ್ಕೆ ಬರುವ ಆಲಿವ್ ರಿಡ್ಲೆ ಕಡಲಾಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಹುಲಿಯ ಜೊತೆಗೆ. ಸರೀಸೃಪಗಳ ಮೊಟ್ಟೆ ಒಡೆಯುವುದನ್ನೂ ಗೂಡು ಕೆದಕುವುದನ್ನೂ ಆ ಕಾಯ್ದೆ ಬೇಟೆ ಎಂದೇ ಕರೆಯುತ್ತದೆ. 51ನೇ ಕಲಮಿನಡಿ ಶಿಕ್ಷೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಕೇರಿಯ ಹುಡುಗನೊಬ್ಬ ಮರಳು ಬಗೆದು ನಾಲ್ಕು ಮೊಟ್ಟೆ ಒಯ್ದರೆ ಅರಣ್ಯ ಇಲಾಖೆ ಬರುತ್ತದೆ, ಬರಲೇಬೇಕು. ಅದೇ ಮರಳಿನ ಮೇಲೆ ಟಿಪ್ಪರ್‌ಗಟ್ಟಲೆ ಮಣ್ಣು ಸುರಿದು ಬಂದರಿಗೆ ರಸ್ತೆ ಮಾಡಿದರೆ? ಅದಕ್ಕೆ ಪೊಲೀಸ್ ಕಾವಲು, ನಿಷೇಧಾಜ್ಞೆ. ಅಡ್ಡ ನಿಂತ ಮೀನುಗಾರರು ವ್ಯಾನಿನೊಳಗೆ.

2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಆಮೆ ಮೊಟ್ಟೆಯಿಡುವ ದಡವನ್ನು ಅತಿಸೂಕ್ಷ್ಮವೆಂದು 1ಎ ವಲಯಕ್ಕೆ ಸೇರಿಸಿದೆ ನಿಜ. ಆದರೆ ಯಾವ ದಡದಲ್ಲಿ ಆಮೆ ಮೊಟ್ಟೆಯಿಡುತ್ತದೆಂದು ಹೇಳಬೇಕಾದ್ದು ಆ ವಲಯಗಳನ್ನು ಗುರುತಿಸುವ ನಕಾಶೆ. ನಕಾಶೆಯಲ್ಲಿ ಗುರುತಿಲ್ಲದಿದ್ದರೆ ಆಮೆಯೇ ಇಲ್ಲ! ಅದು ದಡಕ್ಕೆ ಬರುವುದು ರಾತ್ರಿ. ಒಂದು ತಾಸಿನೊಳಗೆ ನೂರರ ಆಸುಪಾಸು ಮೊಟ್ಟೆಯಿಟ್ಟು, ಮರಳು ಮುಚ್ಚಿ ಕಡಲಿಗೆ ಮರಳುತ್ತದೆ. ಅಲೆ, ಗಾಳಿ ಜಾಡನ್ನು ಅಳಿಸುತ್ತವೆ. ಮಧ್ಯಾಹ್ನ ಜೀಪಿನಲ್ಲಿ ಬಂದಿಳಿಯುವವರಿಗೆ ಏನು ಕಂಡೀತು? ನಸುಕಿನಲ್ಲೇ ದಡದಲ್ಲಿರುವವರು ಬಲೆ ಎಳೆಯುವವರು, ಮೀನು ಒಣಗಿಸುವ ಹೆಂಗಸರು. ಗೂಡು ಕಂಡಿದೆಯೆಂದು ಇಲಾಖೆಗೆ ಸುದ್ದಿ ಮುಟ್ಟಿಸುವವರೂ ನಾಯಿ ನರಿ ಬಾರದಂತೆ ಕಾಯುವವರೂ ಅವರೇ. ಅವರ ಮಾತು ಮಾತ್ರ ದಾಖಲೆಯಲ್ಲ. ಇದೇ ಕಾಸರಕೋಡಿನ ಇಕೋ ಬೀಚಿಗೆ 2020ರಲ್ಲಿ ಸ್ವಚ್ಛ ಕಡಲತೀರಕ್ಕೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಾಗ ಸಂಭ್ರಮಿಸಿದವರಿಗೆ ಪಕ್ಕದ ಟೊಂಕ ಪಾಳುಮರಳಾಗಿ ಕಾಣುವುದು ಹೇಗೆ?

ಮರಿ ಹೆಣ್ಣೋ ಗಂಡೋ ಎಂಬುದನ್ನು ನಿರ್ಧರಿಸುವುದೇ ಆ ಮರಳಿನ ಕಾವು. ಸುಮಾರು ಐವತ್ತು ದಿನಕ್ಕೆ ಹೊರಬೀಳುವ ಮರಿಗಳು ಕಡಲಿನ ತಿಳಿಬೆಳಕನ್ನು ನೋಡಿ ನಡೆಯುತ್ತವೆ, ದಡದ ವಿದ್ಯುದ್ದೀಪ ಕಂಡರೆ ಅತ್ತಲೇ ತಿರುಗಿ ಸಾಯುತ್ತವೆ. ಮರಳು ಹೋದರೆ ಮೊದಲ ಅನುಸೂಚಿ ಇಟ್ಟುಕೊಂಡು ಏನು ಮಾಡುವುದು?

ಎಲ್ಲರೂ ಬೊಟ್ಟು ಮಾಡುವ ಒಡಿಶಾದಲ್ಲೂ ಇದೇ ಪಾಡು. ಧಾಮ್ರಾ, ದೇವಿ, ರುಷಿಕುಲ್ಯಾ ಅಳಿವೆಗಳ ಸುತ್ತ ನವೆಂಬರ್ 1ರಿಂದ ಮೇ 31ರವರೆಗೆ ಮೀನುಗಾರಿಕೆ ನಿಷೇಧ. ಏಳು ತಿಂಗಳು ಬಡವನ ದೋಣಿ ದಡದಲ್ಲಿ. ಗಹಿರ್‌ಮಥಾ ಕಡಲಾಮೆ ಅಭಯಾರಣ್ಯದ ಸಮೀಪವೇ 2011ರಿಂದ ಧಾಮ್ರಾ ಬಂದರು ನಡೆಯುತ್ತಿದೆ, ಹಡಗುಗಳಿಗೆ ಆ ಕಟ್ಟುಪಾಡಿಲ್ಲ.

ಉತ್ತರ ಕನ್ನಡದವರಿಗೆ ಇದೇನೂ ಹೊಸತಲ್ಲ. ಶರಾವತಿ, ಕಾಳಿಯ ಅಣೆಕಟ್ಟುಗಳಿಗೆ, ಕೈಗಾ ಅಣುವಿದ್ಯುತ್ ಸ್ಥಾವರಕ್ಕೆ, ಸೀಬರ್ಡ್ ನೌಕಾನೆಲೆಗೆ ಊರು ಕೊಟ್ಟದ್ದಾಯಿತು. ಪ್ರತಿಸಲವೂ ಅಭಿವೃದ್ಧಿಯೆಂದೇ ಹೇಳಿದರು. ಇಂದಿಗೂ ಈ ಜಿಲ್ಲೆಯಲ್ಲಿ ಹೆದ್ದಾರಿ ಅಪಘಾತದಲ್ಲಿ ತಲೆಗೆ ಪೆಟ್ಟುಬಿದ್ದವರನ್ನು ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಹೊತ್ತೊಯ್ಯಬೇಕು. ಸುಸಜ್ಜಿತ ಆಸ್ಪತ್ರೆ ಕೇಳಿ ಜನ ಬೀದಿಗಿಳಿದರೂ ಸಿಕ್ಕಿದ್ದು ಭರವಸೆ. ಬಂದರು ಮಾತ್ರ ಕೇಳದೆಯೇ ಬರುತ್ತದೆ.

ಕರ್ನಾಟಕದ ಸುಮಾರು 320 ಕಿಲೋಮೀಟರ್ ಕರಾವಳಿಯಲ್ಲಿ ಆಮೆ ಹತ್ತುವ ಪ್ರತಿ ದಡವೂ ನಕಾಶೆಗೆ ಬರಬೇಕು. ಅದಕ್ಕೆ ಮೊಟ್ಟೆಯಿಡುವ ಇಡೀ ಹಂಗಾಮು ರಾತ್ರಿ ಹೊತ್ತು ಸಮೀಕ್ಷೆ ನಡೆಯಬೇಕು, ಮೀನುಗಾರರು ತೋರಿಸಿದ ಗೂಡು ಸಾಕ್ಷ್ಯವೆಂದು ದಾಖಲಾಗಬೇಕು. ಅಲ್ಲಿಯವರೆಗೆ ಆ ಮರಳಿನ ಮೇಲೆ ಒಂದು ಬುಟ್ಟಿ ಮಣ್ಣೂ ಬೀಳಕೂಡದು. ಬಿದ್ದರೆ, ಮೊಟ್ಟೆ ಕದ್ದ ಹುಡುಗನ ಮೇಲೆ ಹಾಕುವ ಅದೇ 51ನೇ ಕಲಮನ್ನು ರಸ್ತೆಗೆ ಸಹಿ ಹಾಕಿದ ಅಧಿಕಾರಿಯ ಮೇಲೂ ಹಾಕಿ.