ಚೌಕಟ್ಟಿನ ಕಟ್ಟಿಗೆ ಎಲ್ಲಿಯದು?

ನಾರಾಯಣಖೇಡದಲ್ಲಿ ನಮ್ಮ ಕಾಕಾ ಮನೆ ಕಟ್ಟಿಸುತ್ತಿದ್ದಾರೆ. ಹಳೆಯ ಮಣ್ಣಿನ ಮನೆ ಕೆಡವಿ, ಅದೇ ಜಾಗದಲ್ಲಿ ಹೊಸದು. ಪಾಯ ಮುಗಿದು ಗೋಡೆ ಏಳುವ ಹೊತ್ತಿಗೆ ಬಾಗಿಲ ಚೌಕಟ್ಟು ಬೇಕಾಯಿತು. "ನಾಲ್ಕಕ್ಷರ ಬಲ್ಲವರು ಜೊತೆಗಿರಲಿ" ಎಂದು ನಮ್ಮನ್ನೂ ಕರೆದುಕೊಂಡು, ಬಡಿಗೇರನನ್ನೂ ಗಾಡಿಯಲ್ಲಿ ಕೂರಿಸಿಕೊಂಡು, ಜಹೀರಾಬಾದಿನ ಹೆದ್ದಾರಿ ಬದಿಯ ಒಂದು ಕಟ್ಟಿಗೆ ಅಡ್ಡೆಗೆ ಹೋದರು.

ಅಡ್ಡೆಯವರು ಒಂದೊಂದೇ ತೋರಿಸಿದರು. ಇದು ಬಲ್ಲಾರಶಾ ಸಾಗವಾನಿ, ಇದು ಬರ್ಮಾ, ಇದು ಘಾನಾ, ಅಗ್ಗದ್ದು ಬೇಕಾದರೆ ಮಲೇಶಿಯಾ ಸಾಲ್. ದಿಮ್ಮಿಗಳ ತುದಿಗೆ ಬಣ್ಣದಲ್ಲಿ ಬರೆದ ಅಂಕೆಗಳಿದ್ದವು. ಮೆದಕ್, ಬೀದರ್ ಬಿಟ್ಟು ಹೆಚ್ಚು ದೂರ ಹೋಗದ ಕಾಕಾ ಆಫ್ರಿಕಾದ ಮರವನ್ನು ಕೈಯಿಂದ ಸವರಿ ನೋಡುತ್ತಿದ್ದರು.

"ಇದು ಕಾಡಿನಿಂದ ಕಡಿದದ್ದೋ, ನೆಟ್ಟು ಬೆಳೆಸಿದ್ದೋ? ಕಾಗದ ಏನಾದರೂ ಇದೆಯೇ?" ಎಂದು ನಾವು ಕೇಳಿದೆವು.

ಅಡ್ಡೆಯವರು ನಕ್ಕರು. "ಇಷ್ಟು ವರ್ಷದಾಗ ರೇಟು ಕೇಳಿದವರೇ ಎಲ್ಲಾ. ಇದನ್ನ ಕೇಳಿದವರು ನೀವೇ ಮೊದಲು."

ಬಡಿಗೇರನೂ ಅವರ ಪರವೇ. "ಎಲ್ಲಿಂದ ಬಂದ್ರೇನ್ರಿ ಸರ? ಹುಳ ಹಿಡೀಬಾರದು, ಸೊಟ್ಟ ಆಗಬಾರದು, ಅಷ್ಟ ನೋಡೋದು."

ಆತನ ಮಾತಿನಲ್ಲಿ ತಪ್ಪೇನಿಲ್ಲ, ಆತನ ಕಸುಬು ಅದು. ಆದರೆ ನಮ್ಮ ಪಕ್ಕದಲ್ಲೇ ಕಾಡಿರುವಾಗ ಮರ ಸಮುದ್ರ ದಾಟಿ ಏಕೆ ಬರಬೇಕು ಎಂಬ ಪ್ರಶ್ನೆ ಮನೆಗೆ ಬಂದ ಮೇಲೂ ಬಿಡಲಿಲ್ಲ.

ಜಹೀರಾಬಾದಿಗೂ ತಾಂಡೂರಿಗೂ ನಡುವೆ ರಾಜ್ಯದ ಗಡಿ ದಾಟಿದರೆ ಚಿಂಚೋಳಿ ತಾಲೂಕಿನ ಕುಂಚಾವರಂ ಕಾಡು. ಈ ಗಡಿ ಹಳೆಯದೇನಲ್ಲ. 1956ರವರೆಗೆ ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ನಮ್ಮ ಮನೆಗಳಲ್ಲಿ ಕನ್ನಡ ಉಳಿದದ್ದು ಹಾಗೆ. ಹಿಂದೆ ಮನೆ ಕಟ್ಟುವವರು ತೊಲೆ, ಜಂತಿಗೆ ಸುತ್ತಲಿನ ಕಾಡು, ಹೊಲದ ಬದುವಿನ ಮರಗಳನ್ನೇ ನಂಬಿದ್ದರು. ಇಂದು ಕುಂಚಾವರಂ ಕಾಡಿನಲ್ಲಿ ಹಾಗೆ ಕಡಿಯುವಂತಿಲ್ಲ. 2011ರಲ್ಲಿ ಅದರ 134 ಚದರ ಕಿಲೋಮೀಟರಿಗೂ ಹೆಚ್ಚು ಭಾಗ ಚಿಂಚೋಳಿ ವನ್ಯಜೀವಿ ಧಾಮವಾಯಿತು.

ದೇಶದಾದ್ಯಂತ ಹೀಗೇ ಆಯಿತು. ಕಾಡು ಇರುವುದು ಮೊದಲು ನೆಲ, ನೀರು ಕಾಯಲಿಕ್ಕೆ, ಆದಾಯ ಆಮೇಲೆ ಎಂದು 1988ರ ರಾಷ್ಟ್ರೀಯ ಅರಣ್ಯ ನೀತಿ ಹೇಳಿತು. ನೀಲಗಿರಿಯ ಗುಡಲೂರಿನ ಕಾಡು ಕಡಿಯುವುದರ ವಿರುದ್ಧ ಟಿ.ಎನ್. ಗೋದಾವರ್ಮನ್ ತಿರುಮುಲ್ಪಾಡ್ ಎಂಬ ಹಿರಿಯರು 1995ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಕೇಂದ್ರ ಸರ್ಕಾರ ಒಪ್ಪಿದ ಕಾರ್ಯಯೋಜನೆ ಇಲ್ಲದೆ ಯಾವ ಕಾಡಿನಲ್ಲೂ ಮರ ಕಡಿಯಕೂಡದು ಎಂದು ನ್ಯಾಯಾಲಯ 1996ರ ಡಿಸೆಂಬರ್ 12ರಂದು ಆದೇಶ ಕೊಟ್ಟಿತು. ಒಳ್ಳೆಯದೇ ಆಯಿತು. ಆದರೆ ಮನೆ ಕಟ್ಟುವುದನ್ನು ನಾವು ಯಾರೂ ನಿಲ್ಲಿಸಲಿಲ್ಲ. ಇಲ್ಲಿ ಸಿಗದ ಮರ ಹಡಗಿನಲ್ಲಿ ಬರತೊಡಗಿತು. ಗುಜರಾತಿನ ಕಾಂಡ್ಲಾ ಬಂದರಿನಲ್ಲಿ ಇಳಿದು, ಪಕ್ಕದ ಗಾಂಧಿಧಾಮದ ಸಾ ಮಿಲ್‌ಗಳಲ್ಲಿ ಸೀಳಿ, ಲಾರಿಯಲ್ಲಿ ಊರೂರಿನ ಅಡ್ಡೆಗೆ. ನಮ್ಮ ಕಾಡಿಗೆ ಬೇಲಿ ಹಾಕಿದೆವು, ಕೊಡಲಿ ಬೇರೆಯವರ ಕಾಡಿಗೆ ಹೋಯಿತು.

ಇಂಥ ವ್ಯಾಪಾರಕ್ಕೆ ಒಂದು ಕಟ್ಟುಪಾಡು ಬೇಕೆಂದು ಮರ ಮಾರುವ ದೇಶಗಳೂ ಕೊಳ್ಳುವ ದೇಶಗಳೂ ಸೇರಿ 1983ರಲ್ಲಿ ಜಿನೀವಾದಲ್ಲಿ ಅಂತಾರಾಷ್ಟ್ರೀಯ ಉಷ್ಣವಲಯ ಮರಮುಟ್ಟು ಒಪ್ಪಂದ ಮಾಡಿಕೊಂಡವು. ಅದರ ಸಂಸ್ಥೆಯ ಕಚೇರಿ ಜಪಾನಿನ ಯೊಕೊಹಾಮಾದಲ್ಲಿದೆ. 1994ರಲ್ಲಿ, ಮತ್ತೆ 2006ರಲ್ಲಿ ಒಪ್ಪಂದವನ್ನು ಹೊಸದಾಗಿ ಬರೆದರು. ವ್ಯಾಪಾರ ನಡೆಯಲಿ, ಕಾಡೂ ಉಳಿಯಲಿ ಎಂಬುದು ಅದರ ಆಶಯ. ಮಾರುವವರಿಗೆ ಒಟ್ಟು ಸಾವಿರ ಮತ, ಕೊಳ್ಳುವವರಿಗೆ ಸಾವಿರ ಮತ. ಹೆಚ್ಚು ಮರ ಕೊಳ್ಳುವ ದೇಶಕ್ಕೆ ಆ ಸಾವಿರದಲ್ಲಿ ಹೆಚ್ಚು ಪಾಲು! ಭಾರತ ಮಾತ್ರ ಇಂದಿಗೂ ಮಾರುವವರ, ಅಂದರೆ ಮರ ಬೆಳೆಯುವವರ ಸಾಲಿನಲ್ಲೇ ಕೂತಿದೆ. ನಮಗೆ ಇದು ತುಸು ವಿಚಿತ್ರವಾಗಿ ಕಂಡಿತು.

1980ರ ದಶಕದ ಕೊನೆಗೆ ಈ ಸಂಸ್ಥೆಗಾಗಿ ಡಂಕನ್ ಪೂರ್ ಎಂಬ ತಜ್ಞರ ತಂಡ ಒಂದು ಲೆಕ್ಕ ಹಾಕಿತು. ಮರ ಕಡಿಯುವ ಉಷ್ಣವಲಯದ ಕಾಡಿನಲ್ಲಿ, ಮತ್ತೆ ಬೆಳೆಯುವಂತೆ ಜೋಪಾನವಾಗಿ ನೋಡಿಕೊಳ್ಳುತ್ತಿದ್ದದ್ದು ಶೇಕಡಾ ಒಂದರ ಎಂಟನೇ ಒಂದು ಪಾಲು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಸಾವಿರ ಎಕರೆಗೆ ಒಂದೂಕಾಲು ಎಕರೆ. ಸದಸ್ಯ ದೇಶಗಳು ಎಚ್ಚೆತ್ತು, 2000ನೇ ಇಸವಿಯ ಹೊತ್ತಿಗೆ ಮಾರಾಟದ ಮರವೆಲ್ಲ ಜೋಪಾನ ಮಾಡಿದ ಕಾಡಿನಿಂದಲೇ ಬರಬೇಕು ಎಂದು ಗುರಿ ಇಟ್ಟುಕೊಂಡವು. ಇಸವಿ ಬಂದು ಹೋಯಿತು. 2006ರಲ್ಲಿ ಸಂಸ್ಥೆಯೇ ಪ್ರಕಟಿಸಿದ ವರದಿಯ ಪ್ರಕಾರ, ಕಾಯಂ ಕಾಡಾಗಿ ಉಳಿಸಬೇಕಾದ 81 ಕೋಟಿ ಹೆಕ್ಟೇರಿನಲ್ಲಿ ಹಾಗೆ ನೋಡಿಕೊಳ್ಳುತ್ತಿದ್ದದ್ದು ನೂರಕ್ಕೆ ಐದಕ್ಕಿಂತ ಕಡಿಮೆ. ಒಂದೂಕಾಲಿನಿಂದ ಇಲ್ಲಿಗೆ ಬಂದದ್ದು ಸಣ್ಣದಲ್ಲ ಎನ್ನುವವರಿದ್ದಾರೆ. ಉಳಿದ ತೊಂಬತ್ತೈದರ ಮರವೂ ಯಾರದೋ ಮನೆಗೆ ಬಾಗಿಲಾಗುತ್ತಿತ್ತಲ್ಲ ಎಂಬುದು ನಮ್ಮ ಚಿಂತೆ.

ಅಗ್ಗದ "ಮಲೇಶಿಯಾ ಸಾಲ್" ಬರುವ ಮಲೇಶಿಯಾದಲ್ಲಿ ಸಾರವಾಕ್ ಎಂಬ ರಾಜ್ಯವಿದೆ. ಅಲ್ಲಿನ ಪೆನಾನ್ ಬುಡಕಟ್ಟಿನವರು 1987ರಲ್ಲಿ ಹೆಂಗಸರು ಮಕ್ಕಳ ಸಮೇತ ಕಾಡಿನ ರಸ್ತೆಗೆ ಅಡ್ಡ ನಿಂತು ದಿಮ್ಮಿಯ ಲಾರಿಗಳನ್ನು ತಡೆದರು. ಅವರ ಊಟ, ಔಷಧಿ, ಕುಡಿಯುವ ನೀರು ಎಲ್ಲಾ ಆ ಕಾಡೇ. ಸುದ್ದಿ ಜಗತ್ತಿಗೆಲ್ಲ ಹರಡಿದ ಮೇಲೆ ಯೊಕೊಹಾಮಾದ ಸಂಸ್ಥೆ ಒಂದು ತಂಡ ಕಳಿಸಿತು. ಕಡಿತವನ್ನು ತಗ್ಗಿಸದಿದ್ದರೆ ಕಾಡು ಉಳಿಯದು ಎಂದು ತಂಡ 1990ರಲ್ಲಿ ವರದಿ ಕೊಟ್ಟಿತು. ಸಲಹೆ ಕೊಡಬಹುದು, ದಂಡ ಹಾಕುವ ಅಧಿಕಾರ ಸಂಸ್ಥೆಗಿಲ್ಲ. 2010ರ ದಶಕದಲ್ಲಿ ಸಾರವಾಕ್‌ನ ದಿಮ್ಮಿಗಳಿಗೆ ಎಲ್ಲರಿಗಿಂತ ದೊಡ್ಡ ಗಿರಾಕಿ ಯಾರು? ಜಪಾನ್ ಅಲ್ಲ, ಭಾರತ.

ಬರ್ಮಾ ಸಾಗವಾನಿಯ ಹೆಸರು ದೊಡ್ಡದು. ಆದರೆ ಅದು ಬಹುಪಾಲು ಸಹಜ ಕಾಡಿನ ಮರ. ಕಾಡು ಬರಿದಾಗುವುದನ್ನು ಕಂಡು ಮ್ಯಾನ್ಮಾರ್ 2014ರ ಏಪ್ರಿಲ್ 1ರಿಂದ ಇಡೀ ದಿಮ್ಮಿಯ ರಫ್ತನ್ನೇ ನಿಲ್ಲಿಸಿತು. 2021ರಲ್ಲಿ ಸೈನ್ಯ ಅಧಿಕಾರ ಕಸಿದ ಮೇಲೆ, ಆ ಹಣ ಬಂದೂಕಿಗೆ ಹೋಗುತ್ತದೆಂದು ಅಮೆರಿಕವೂ ಯುರೋಪಿಯನ್ ಒಕ್ಕೂಟವೂ ಅಲ್ಲಿನ ಸರ್ಕಾರಿ ಮರದ ಸಂಸ್ಥೆಯ ಮೇಲೆ ನಿರ್ಬಂಧ ಹೇರಿದವು. ಘಾನಾ, ಈಕ್ವೆಡಾರ್, ಪನಾಮಾಗಳಲ್ಲಿ ಸಾಗವಾನಿ ಕಾಡುಮರವೇ ಅಲ್ಲ. ನಮ್ಮ ಕಡೆಯ ಮರವನ್ನು ಒಯ್ದು ತೋಪು ಮಾಡಿ ಬೆಳೆಸಿದ್ದು. ಅಂದರೆ ಅಡ್ಡೆಯಲ್ಲಿ "ಕಡಿಮೆ ದರ್ಜೆ" ಎಂದು ಪಕ್ಕಕ್ಕೆ ತಳ್ಳಿದ್ದ ಘಾನಾದ ಹಲಗೆ, ಬರ್ಮಾದ್ದಕ್ಕಿಂತ ನಿರಪರಾಧಿ ಇರಬಹುದು. ಕಾಕಾನಿಗೆ ಇದನ್ನು ಹೇಳಿದಾಗ, "ಅಲ್ಲೇ ಹೇಳಬೇಕಿತ್ತು" ಎಂದು ಸಿಟ್ಟಾದರು. ನಮಗೂ ಅಲ್ಲಿ ಗೊತ್ತಿರಲಿಲ್ಲ.

ಸಿಸ್ಟರ್ ಡೊರೊಥಿ ಸ್ಟ್ಯಾಂಗ್ ಅವರನ್ನು ನಮ್ಮ ಹಿರಿಯ ಓದುಗರು ನೆನಪಿಟ್ಟಿರಬಹುದು. ಬ್ರೆಜಿಲ್‌ನ ಪಾರಾ ರಾಜ್ಯದ ಅನಾಪು ಎಂಬಲ್ಲಿ, ಕಾಡು ಕೆಡಿಸದೆ ಬೇಸಾಯ ಮಾಡುವ ಬಡ ರೈತರ ಪರ ನಿಂತ ಧರ್ಮಭಗಿನಿ. 2005ರ ಫೆಬ್ರವರಿ 12ರಂದು ಸಭೆಗೆ ನಡೆದುಹೋಗುತ್ತಿದ್ದಾಗ ದಾರಿಯಲ್ಲೇ ಅವರನ್ನು ಗುಂಡಿಟ್ಟು ಕೊಂದರು. ಅವರಿಗೆ ಆಗ 73 ವರ್ಷ. ಜಮೀನುದಾರರೂ ಮರ ಕಡಿಯುವವರೂ ಅವರನ್ನು ಬಹುಕಾಲದಿಂದ ಬೆದರಿಸುತ್ತಿದ್ದರು.

ಅಮೆರಿಕ 2008ರಲ್ಲಿ ಕಳ್ಳಮರ ಕೊಳ್ಳುವುದನ್ನೇ ಅಪರಾಧ ಮಾಡಿತು. ಯುರೋಪಿನಲ್ಲಿ 2013ರಿಂದ, ಮರ ಎಲ್ಲಿಯದೆಂದು ವಿಚಾರಿಸುವುದು ಆಮದುದಾರನ ಹೊಣೆ. ನಮ್ಮ ಬಂದರಿನಲ್ಲಿ ಹುಳ, ರೋಗ ಇಲ್ಲವೆಂಬ ಪ್ರಮಾಣಪತ್ರ ಕೇಳುತ್ತಾರೆ, ನಮ್ಮ ಬಡಿಗೇರ ಕೇಳಿದ ಹಾಗೆಯೇ. 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಭಾರತೀಯ ಅರಣ್ಯ ಮತ್ತು ಮರ ಪ್ರಮಾಣೀಕರಣ ಯೋಜನೆ ತಂದಿದೆ. ಅದು ದೇಶದೊಳಗಿನ ಮರಕ್ಕೆ, ಅದೂ ಇಷ್ಟವಿದ್ದವರಿಗೆ. ಹಾಗಾಗಿ ಸದ್ಯಕ್ಕೆ ಕೇಳುವವರು ಗಿರಾಕಿಗಳೇ ಆಗಬೇಕು. ನಮ್ಮ ಗುಡಿಗಳಿಗೆ ಬೆಂಚು, ಬಾಗಿಲು ಮಾಡಿಸುವಾಗ ಕಟ್ಟಡ ಸಮಿತಿಯಲ್ಲಿ ಮೂರು ಕಡೆಯ ಕೊಟೇಶನ್ ಓದುತ್ತೇವೆ, ಅರ್ಧ ಗಂಟೆ ರೇಟಿನ ಚರ್ಚೆ ಮಾಡುತ್ತೇವೆ. ಮರದ ಊರನ್ನು ನಾವಂತೂ ಒಮ್ಮೆಯೂ ಕೇಳಿಲ್ಲ.

ಕಾಕಾ ಮತ್ತೆ ಅಡ್ಡೆಗೆ ಹೋಗಿ, ಘಾನಾದ ಮರವೇ ಇರಲಿ, ತೋಪಿನದೆಂಬ ಕಾಗದ ತೋರಿಸಿರಿ ಎಂದರು. ಗಾಂಧಿಧಾಮಕ್ಕೆ ಫೋನು ಮಾಡಿ ತರಿಸುತ್ತೇನೆ ಎಂದು ಅಡ್ಡೆಯವರು ಒಪ್ಪಿದರು. ಎರಡು ವಾರವಾಯಿತು, ಬರಲಿಲ್ಲ. ಗೌಂಡಿಗೆ ಕಾಯಲಾಗದು, ಗೋಡೆ ನಿಂತುಬಿಟ್ಟಿತ್ತು. ಬಚ್ಚಲಿಗೆ ತಾಂಡೂರು ಕಲ್ಲಿನ ಚೌಕಟ್ಟು, ಒಳಕೋಣೆಗಳಿಗೆ ಹೊಲದ ಬೇವು ಎಂದಾಯಿತು. ಮುಂಬಾಗಿಲಿಗೆ, ದನದ ಕೊಟ್ಟಿಗೆಗೆ ಒರಗಿಸಿಟ್ಟಿದ್ದ ಹಳೆಯ ಮನೆಯ ಚೌಕಟ್ಟನ್ನೇ ಬಡಿಗೇರ ಕೆರೆದು ಎಣ್ಣೆ ಹಚ್ಚಿ ನಿಲ್ಲಿಸಿದ. ನಾಲ್ಕು ಬೆರಳು ಗಿಡ್ಡ. ಮೊನ್ನೆ ನೋಡಲು ಹೋದಾಗ ನಮ್ಮ ಹಣೆಗೆ ಸರಿಯಾಗಿ ಬಡಿಯಿತು. ಕಾಕಾ ನಗುತ್ತಾ ಅರಿಶಿನ ತಂದರು.